ಹವ್ಯಾಸದ ಸಿಎನ್‌ಸಿಗೆ ಒಂದು ಯುಎಸ್‌ಬಿ ಕೇಬಲ್ಲು ಸಾಕೇ?

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಣ್ಣ ಸಿಎನ್‌ಸಿ ಯಂತ್ರವನ್ನು ಮನೆಯಲ್ಲೇ ಕಟ್ಟಿಕೊಂಡವರು ಉತ್ತರ ಕನ್ನಡದಲ್ಲೂ ಇದ್ದಾರೆ. ಚೌಕಟ್ಟು, ಮೋಟರು, ಕೊರೆಯುವ ಬಿಟ್ ತಿರುಗಿಸುವ ಸ್ಪಿಂಡಲ್ಲು ಕೂಡಿಬಂದ ಮೇಲೆ ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಾರೆ: ಇದನ್ನು ಓಡಿಸುವ ಸಾಫ್ಟ್‌ವೇರ್ ಯಾವುದು, ಕಂಪ್ಯೂಟರಿಗೂ ಯಂತ್ರಕ್ಕೂ ನಡುವೆ ಯಾವ ತಂತಿ? ಲ್ಯಾಪ್‌ಟಾಪು, ಯುಎಸ್‌ಬಿ ಕೇಬಲ್ಲು, ಅರ್ಡುಯಿನೊ ಎಂಬ ಪುಟ್ಟ ಬೋರ್ಡಿನ ಮೇಲೆ ಜಿಆರ್‌ಬಿಎಲ್ ಎಂಬ ಪ್ರೋಗ್ರಾಮು ಇದ್ದರೆ ಸಾಕು ಎನ್ನುತ್ತಾರೆ ಶಿರಸಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು. ಸಾಲದು ಎನ್ನುತ್ತಾರೆ ಕಾರವಾರದ ಒಬ್ಬ ನಿವೃತ್ತ ಎಲೆಕ್ಟ್ರಿಷಿಯನ್.

ಪರ: ಸಾಕು, ಧಾರಾಳವಾಗಿ ಸಾಕು

ನನ್ನ ಯಂತ್ರದಲ್ಲಿ ಮೊದಲು ಮಾಡಿದ್ದು ಚೆನ್ನೆಮಣೆ. ಅಟ್ಟದ ಮೇಲಿದ್ದ ಅಜ್ಜಿಯ ಮಣೆಯನ್ನು ಇಳಿಸಿ, ಧೂಳು ಒರೆಸಿ, ಗುಳಿಯ ಅಗಲ, ಆಳ ಅಳೆದುಕೊಂಡೆ. ಏಳೇಳರ ಎರಡು ಸಾಲು, ಒಟ್ಟು ಹದಿನಾಲ್ಕು ಗುಳಿ. ಹಲಸಿನ ಹಲಗೆಯನ್ನು ಮೇಜಿಗೆ ಬಿಗಿದು ಶುರು ಮಾಡಿದಾಗ ಅರಿಶಿನ ಬಣ್ಣದ ಹೊಟ್ಟು ಎದ್ದು ಅಂಗಿಯ ತೋಳೆಲ್ಲ ಹಳದಿಯಾಯಿತು. ಹದಿನಾಲ್ಕನೆಯ ಗುಳಿ ಮುಗಿದ ಮೇಲೆ ಕಾಳು ಹಾಕಿ ನೋಡಿದೆ. ಬೆರಳು ತಾನಾಗಿ ತಳಕ್ಕೆ ಜಾರಿ ಕಾಳು ಹೆಕ್ಕಿತು. ಇಡೀ ಕೆಲಸ ಓಡಿದ್ದು ಮಗಳ ಹಳೆಯ ಲ್ಯಾಪ್‌ಟಾಪಿನಿಂದ, ಒಂದು ಯುಎಸ್‌ಬಿ ಕೇಬಲ್ಲಿನಲ್ಲಿ.

ಇದು ಹೇಗೆ ಸಾಧ್ಯವಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಂತ್ರವನ್ನು ಸರಿಸುವ ಸ್ಟೆಪ್ಪರ್ ಮೋಟರು ಪಲ್ಸ್ ಎಣಿಸಿಕೊಂಡು, ಅಂದರೆ ಒಂದೊಂದು ವಿದ್ಯುತ್ ಮಿಡಿತಕ್ಕೆ ಒಂದೊಂದು ಹೆಜ್ಜೆಯಂತೆ, ತಿರುಗುತ್ತದೆ. ಪಲ್ಸುಗಳ ನಡುವಿನ ಅಂತರ ತಪ್ಪಿದರೆ ಮೋಟರು ಮುಗ್ಗರಿಸುತ್ತದೆ. ಹಿಂದೆ ಈ ತಾಳ ಹಾಕುವ ಕೆಲಸವೂ ಕಂಪ್ಯೂಟರಿನದೇ ಆಗಿತ್ತು. ಮ್ಯಾಕ್3 ಎಂಬ ಸಾಫ್ಟ್‌ವೇರ್ ಬಳಸಿದವರಿಗೆ ಗೊತ್ತು: ಹಳೆಯ ಪ್ರಿಂಟರಿಗೆ ಕೊಡುತ್ತಿದ್ದ ಪ್ಯಾರಲಲ್ ಪೋರ್ಟ್ ಇರುವ ಡೆಸ್ಕ್‌ಟಾಪೇ ಬೇಕು, ಅದರಲ್ಲಿ 32 ಬಿಟ್ ವಿಂಡೋಸೇ ಇರಬೇಕು. ಅಂಥ ಕಂಪ್ಯೂಟರನ್ನು ಇವತ್ತು ಗುಜರಿಯಲ್ಲೇ ಹುಡುಕಬೇಕು.

2009ರಲ್ಲಿ ಸಿಮೆನ್ ಸ್ವಾಲೆ ಸ್ಕೋಗ್ಸ್ರುಡ್ ಶುರು ಮಾಡಿದ ಜಿಆರ್‌ಬಿಎಲ್ ಈ ಭಾರವನ್ನು ಕಂಪ್ಯೂಟರಿನ ಹೆಗಲಿನಿಂದ ಇಳಿಸಿತು. ತಾಳ ಈಗ ಅರ್ಡುಯಿನೊದ ಊನೊ ಬೋರ್ಡಿನ ಕೈಯಲ್ಲಿ. ಅದರ ಚಿಪ್ಪು 8 ಬಿಟ್ಟಿನದು, ವೇಗ 16 ಮೆಗಾಹರ್ಟ್ಸ್, ಪ್ರೋಗ್ರಾಮಿಗೆ ಇರುವ ಜಾಗ 32 ಕಿಲೋಬೈಟ್. ಅಷ್ಟರಲ್ಲೇ ಅದು ಸೆಕೆಂಡಿಗೆ 30,000 ಪಲ್ಸ್ ಕೊಡುತ್ತದೆ. ಲ್ಯಾಪ್‌ಟಾಪು ಜಿ-ಕೋಡಿನ, ಅಂದರೆ ಎಲ್ಲಿಗೆ ಎಷ್ಟು ವೇಗದಲ್ಲಿ ಸರಿಯಬೇಕು ಎಂಬ ಆಜ್ಞೆಗಳ, ಸಾಲುಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಾ ಹೋದರೆ ಆಯಿತು. ನಡುವೆ ವಿಂಡೋಸು ಅಪ್‌ಡೇಟ್ ಹುಡುಕಲು ಹೋಗಿ ಅರೆಕ್ಷಣ ತಡಮಾಡಿದರೂ ಚಿಪ್ಪಿನ ಹತ್ತಿರ ಮುಂದಿನ ಕೆಲವು ಸಾಲುಗಳ ದಾಸ್ತಾನು ಇರುತ್ತದೆ.

ನನ್ನ ಯಂತ್ರದ ಲೆಕ್ಕವನ್ನೇ ಹೇಳುತ್ತೇನೆ. ಒಂದು ಸುತ್ತಿಗೆ 200 ಹೆಜ್ಜೆಯ ಮೋಟರು, ಅದಕ್ಕೆ ಕರೆಂಟು ಕೊಡುವ ಡ್ರೈವರ್ ಬೋರ್ಡಿನಲ್ಲಿ ಎಂಟರ ಮೈಕ್ರೋಸ್ಟೆಪ್ (ಒಂದು ಹೆಜ್ಜೆ ಎಂಟು ಪಾಲು), ಹಾಗಾಗಿ ಸುತ್ತಿಗೆ 1600 ಪಲ್ಸ್. ಮೋಟರು ತಿರುಗಿಸುವ ಬಾಲ್‌ಸ್ಕ್ರೂ ಎಂಬ ತಿರುಪು ಒಂದು ಸುತ್ತಿಗೆ ಯಂತ್ರವನ್ನು 5 ಮಿಲಿಮೀಟರ್ ಸರಿಸುತ್ತದೆ. ಅಂದರೆ ಮಿಲಿಮೀಟರಿಗೆ 320. ನಿಮಿಷಕ್ಕೆ 3000 ಮಿಲಿಮೀಟರ್ ವೇಗದಲ್ಲಿ ಓಡಿಸಿದರೂ ಸೆಕೆಂಡಿಗೆ 16,000 ಪಲ್ಸ್ ಸಾಕು. ಚಿಪ್ಪಿನ ಶಕ್ತಿಯ ಅರ್ಧದಷ್ಟೇ. ನಮ್ಮ ಮಟ್ಟದ ಚೌಕಟ್ಟಿನಲ್ಲಿ ಹಲಸನ್ನೋ ಸಾಗವಾನಿಯನ್ನೋ ಕೊರೆಯುವಾಗ ಅದಕ್ಕಿಂತ ಜೋರು ಓಡಿಸುವ ಧೈರ್ಯ ಯಾರಿಗಿದೆ?

ಕಳುಹಿಸುವ ಸಾಫ್ಟ್‌ವೇರಿಗಂತೂ ಬರವಿಲ್ಲ. ಯುನಿವರ್ಸಲ್ ಜಿಕೋಡ್ ಸೆಂಡರ್, ಕ್ಯಾಂಡಲ್, ಸಿಎನ್‌ಸಿಜೆಎಸ್, ಜಿಸೆಂಡರ್ ಎಲ್ಲವೂ ಪುಕ್ಕಟೆ. ನಾನು ಈಗ ಸಿಎನ್‌ಸಿಜೆಎಸ್ಸನ್ನು ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರಿಗೆ ಹಾಕಿ ಕೊಟ್ಟಿಗೆಯಲ್ಲೇ ಇಟ್ಟಿದ್ದೇನೆ. ಯಂತ್ರದ ಪಕ್ಕ ನಿಂತು ಫೋನಿನಲ್ಲೇ ನೋಡುತ್ತೇನೆ.

ಯುಎಸ್‌ಬಿ ನಡುದಾರಿಯಲ್ಲಿ ಕೈಕೊಡುತ್ತದೆ ಅನ್ನುವುದು ಕಾರವಾರದ ಅಣ್ಣನ ದೊಡ್ಡ ತಕರಾರು. ಕೊಟ್ಟಿದೆ, ಒಪ್ಪುತ್ತೇನೆ. ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ ಶುರುವಾಯಿತು, ಇತ್ತ ನನ್ನ ಪರದೆಯ ಮೇಲೆ ಸಂಪರ್ಕ ಕಡಿದುಹೋಯಿತು. ಕೈಯಲ್ಲಿದ್ದ ಸಾಲುಗಳನ್ನು ಮುಗಿಸಿ ಯಂತ್ರ ನಿಂತಿತು. ಸ್ಪಿಂಡಲ್ಲು ಮಾತ್ರ ನಿಲ್ಲಲಿಲ್ಲ. ಬಿಟ್ ಒಂದೇ ಜಾಗದಲ್ಲಿ ಗಿರಗಿರ ತಿರುಗಿ ಮರ ಸುಟ್ಟ ವಾಸನೆ ಬಂತು. ಓಡಿಹೋಗಿ ಆಫ್ ಮಾಡುವಷ್ಟರಲ್ಲಿ ಸಾಗವಾನಿಯ ಮೇಲೆ ಹುಣಸೆಬೀಜದಷ್ಟು ಕಪ್ಪು ಕಲೆ.

ಆ ಕಲೆ ನನಗೆ ವೈರಿಂಗ್ ಕಲಿಸಿತು. ಸ್ಪಿಂಡಲ್ಲಿನ ವೈರನ್ನೂ ಯುಎಸ್‌ಬಿ ಕೇಬಲ್ಲನ್ನೂ ಒಂದೇ ಕಟ್ಟಿನಲ್ಲಿ ಬಿಗಿದಿದ್ದೆ, ಬಿಡಿಸಿದೆ. ಮೂರು ಮೀಟರಿನ ಅಗ್ಗದ ಕೇಬಲ್ಲನ್ನು ತೆಗೆದು, ಒಳಗೆ ಜಾಲರಿಯ ಹೊದಿಕೆ ಇರುವ ಒಂದು ಮೀಟರಿನದನ್ನು ಹಾಕಿದೆ. ಎರಡು ತುದಿಗೂ ವಿದ್ಯುತ್ ಗದ್ದಲ ತಡೆಯುವ ಫೆರೈಟ್ ಮಣಿ. ಚೌಕಟ್ಟು, ಸ್ಪಿಂಡಲ್ಲಿನ ಮೈ, ಕಂಟ್ರೋಲ್ ಡಬ್ಬ ಮೂರನ್ನೂ ಒಂದೇ ಬಿಂದುವಿಗೆ ತಂದು ಅರ್ಥಿಂಗ್ ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿಯನ್ನು ಮಲಗಿಸುವ ಪವರ್ ಉಳಿತಾಯದ ಆಯ್ಕೆಯನ್ನು ತೆಗೆದುಹಾಕಿದೆ. ಆಮೇಲೆ ಎರಡು ಕೊಯ್ಲು ಕಳೆದಿವೆ, ಸಂಪರ್ಕ ಕಡಿದಿಲ್ಲ.

ಅಷ್ಟಕ್ಕೂ ಕೇಬಲ್ಲೇ ಬೇಡ ಅನ್ನುವವರಿಗೆ ಇಎಸ್‌ಪಿ32 ಚಿಪ್ಪಿನ ಮೇಲೆ ಓಡುವ ಫ್ಲೂಯಿಡ್‌ಎನ್‌ಸಿ ಇದೆ. ವೈಫೈನಲ್ಲಿ ಫೈಲನ್ನು ಎಸ್‌ಡಿ ಕಾರ್ಡಿಗೆ ತುಂಬಿ, ಅಲ್ಲಿಂದಲೇ ಓಡಿಸಬಹುದು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ದುರಸ್ತಿ. ಹಳ್ಳಿಯಲ್ಲಿ ಕೂತವನ ಬೋರ್ಡು ಸುಟ್ಟರೆ ಏನು ಗತಿ? ಅರ್ಡುಯಿನೊ ಆದರೆ ಊರಿನ ಇಂಜಿನಿಯರಿಂಗ್ ಓದುವ ಹುಡುಗನ ಹತ್ತಿರವೂ ಒಂದು ಇರುತ್ತದೆ. ಜಿಆರ್‌ಬಿಎಲ್ ಹಾಕಿ, ಸೆಟ್ಟಿಂಗಿನ ಅಂಕಿ ತುಂಬಿದರೆ ಅರ್ಧ ಗಂಟೆಯಲ್ಲಿ ಯಂತ್ರ ಎದ್ದು ಕೂರುತ್ತದೆ. 100, 101, 102ನೆಯ ಸೆಟ್ಟಿಂಗು ಮೂರು ದಿಕ್ಕಿಗೆ ಮಿಲಿಮೀಟರಿಗೆ ಎಷ್ಟು ಪಲ್ಸ್ ಎಂದು ಹೇಳುತ್ತವೆ, 110ರಿಂದ ವೇಗ, 120ರಿಂದ ವೇಗ ಏರುವ ದರ. ನನ್ನ ಇಡೀ ಪಟ್ಟಿ ಒಂದು ಕಾಗದದಲ್ಲಿ ಹಿಡಿದಿದೆ. ಅದನ್ನು ಕಂಟ್ರೋಲ್ ಡಬ್ಬದ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ನಾನಿಲ್ಲದಾಗ ಹೆಂಡತಿಯೂ ಅದನ್ನು ನೋಡಿ ಯಂತ್ರ ಸರಿಮಾಡಿದ್ದಾಳೆ.

ವಿರೋಧ: ಚೆನ್ನೆಮಣೆಗೆ ಸಾಕು, ಮುಂದಕ್ಕೆ ಸಾಲದು

ಶಿರಸಿಯ ತಮ್ಮನ ಚೆನ್ನೆಮಣೆ ನೋಡಿದ್ದೇನೆ. ಗುಳಿಯ ಅಂಚು ಎಲ್ಲೂ ಕಿತ್ತಿಲ್ಲ, ಬಹಳ ಚೆಂದ ಬಂದಿದೆ. ಆದರೆ ಗುಳಿ ಅಂದರೆ ಸುತ್ತು, ಸುತ್ತಿಗೆ ಜಿ-ಕೋಡಿನಲ್ಲಿ ಒಂದೋ ಎರಡೋ ಸಾಲು ಸಾಕು. ಅದೇ ಯಂತ್ರದಲ್ಲಿ ಅವನು ಯಕ್ಷಗಾನದ ಕಿರೀಟ ಹೊತ್ತ ಮುಖವೊಂದನ್ನು ಉಬ್ಬು ಕೆತ್ತನೆಯಲ್ಲಿ ತೆಗೆಯಲಿ. ಇದೇ ಜಿಲ್ಲೆಯ ಗುಡಿಗಾರರು ಉಳಿಯಲ್ಲಿ ತೆಗೆಯುವ ಕೆಲಸ ಅದು. ನಾನು ತೆಗೆಯಲು ಹೋಗಿ ಸೋತೆ.

ಉಬ್ಬು ಕೆತ್ತನೆಯ ಫೈಲಿನಲ್ಲಿ ಲಕ್ಷಗಟ್ಟಲೆ ಸಾಲು, ಒಂದೊಂದು ಸಾಲಿಗೆ ಕೂದಲೆಳೆಯಷ್ಟು ಚಲನೆ. 0.05 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಊನೊ ಮೇಲಿನ ಜಿಆರ್‌ಬಿಎಲ್ ಮುಂದಿನ 16 ಚಲನೆಗಳನ್ನಷ್ಟೇ ನೋಡಬಲ್ಲದು, ಅಂದರೆ 0.8 ಮಿಲಿಮೀಟರ್ ದಾರಿ. ಅದರಾಚೆ ಏನಿದೆಯೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಆ 0.8ರೊಳಗೆ ನಿಲ್ಲಲು ಆಗುವಷ್ಟೇ ವೇಗದಲ್ಲಿ ಓಡುತ್ತದೆ. ಮಂಜಿನಲ್ಲಿ ದೇವಿಮನೆ ಘಟ್ಟ ಇಳಿಯುವ ಡ್ರೈವರು ಲೈಟು ಮುಟ್ಟುವಷ್ಟು ದೂರಕ್ಕೆ ತಕ್ಕಂತೆ ಗಾಡಿ ಬಿಡುವ ಹಾಗೆ. ನನ್ನ ಯಂತ್ರದ ವೇಗ ಏರುವ ದರ ಸೆಕೆಂಡಿನ ವರ್ಗಕ್ಕೆ 200 ಮಿಲಿಮೀಟರ್. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 18 ಮಿಲಿಮೀಟರ್, ನಿಮಿಷಕ್ಕೆ 1070. ಫೈಲಿನಲ್ಲಿ 3000 ಎಂದು ಬರೆದರೂ ಅಷ್ಟೇ. ತಮ್ಮ ಪಲ್ಸಿನ ಲೆಕ್ಕ ಹೇಳಿದ್ದು ಸರಿ. ಆದರೆ ಉಬ್ಬು ಕೆತ್ತನೆಯಲ್ಲಿ ಸಿಕ್ಕಿಬೀಳುವುದು ಪಲ್ಸಿನಲ್ಲಲ್ಲ, ಈ ದೃಷ್ಟಿಯ ಕೊರತೆಯಲ್ಲಿ.

ಕೇಬಲ್ಲಿನದೂ ಒಂದು ಮಿತಿ. ಸೀರಿಯಲ್ ವೇಗ 115200, ಅಂದರೆ ಸೆಕೆಂಡಿಗೆ ಸುಮಾರು 11,500 ಅಕ್ಷರ. ಸಾಲಿಗೆ 25 ಅಕ್ಷರ ಹಿಡಿದರೆ 460 ಸಾಲು. ಆ 3000ದ ವೇಗ ಬೇಕಿದ್ದರೆ ಸೆಕೆಂಡಿಗೆ ಸಾವಿರ ಸಾಲು ಬರಬೇಕಿತ್ತು. ಕೆತ್ತನೆ ತೆವಳಿತು, ಬಿಟ್ ಮರವನ್ನು ಕತ್ತರಿಸುವ ಬದಲು ಉಜ್ಜತೊಡಗಿತು, ಕಿರೀಟದ ಸಾಲುಮಣಿಗಳೆಲ್ಲ ಕಂದಿಹೋದವು. 32 ಬಿಟ್ಟಿನ ಬೋರ್ಡುಗಳಲ್ಲಿ ಓಡುವ ಜಿಆರ್‌ಬಿಎಲ್‌ಹಾಲ್, ತಮ್ಮ ಹೇಳಿದ ಫ್ಲೂಯಿಡ್‌ಎನ್‌ಸಿ ಈ ತೊಡಕನ್ನು ಬಹಳಷ್ಟು ಕಡಿಮೆ ಮಾಡುತ್ತವೆ. ಊನೊ ಬಿಟ್ಟು ಅಲ್ಲಿಗೆ ಹೋಗುವವರನ್ನು ನಾನು ತಡೆಯುವುದಿಲ್ಲ.

ನಾನು ಯುಎಸ್‌ಬಿ ಬಿಟ್ಟದ್ದು ಮಾತ್ರ ಬೇರೆ ಕಾರಣಕ್ಕೆ.

ಒಂದು ಜೂನ್ ರಾತ್ರಿ. ಸಮುದ್ರದ ಕಡೆಯಿಂದ ಗಾಳಿ ಮಳೆ ಒಟ್ಟಿಗೇ ಬಂದು ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಅದು ಉರಿಯುತ್ತಲೇ ಇತ್ತು. ಅರ್ಡುಯಿನೊಗೆ 5 ವೋಲ್ಟು ಬರುವುದು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ, ಅದೂ ಎಚ್ಚರವಾಗಿತ್ತು. ಸತ್ತದ್ದು ಮೋಟರುಗಳು ಮಾತ್ರ. ಜಿಆರ್‌ಬಿಎಲ್ ಪಲ್ಸ್ ಕೊಡುತ್ತಲೇ ಹೋಯಿತು, ಲೆಕ್ಕ ಬರೆಯುತ್ತಲೇ ಹೋಯಿತು, ಪರದೆಯ ಮೇಲೆ ಅಂಕಿ ಓಡುತ್ತಲೇ ಇತ್ತು. ಯಂತ್ರ ಮಾತ್ರ ಕತ್ತಲಲ್ಲಿ ಅಲುಗದೆ ನಿಂತಿತ್ತು. ಐದಾರು ಸೆಕೆಂಡಿಗೆ ಕರೆಂಟು ಬಂತು. ಸ್ಪಿಂಡಲ್ಲು, ಮೋಟರು ಒಟ್ಟಿಗೇ ಎದ್ದವು, ಇದ್ದ ಜಾಗವನ್ನೇ ಇರಬೇಕಾದ ಜಾಗ ಎಂದು ತಿಳಿದು ಹೊರಟವು. ಮೂರು ಸಂಜೆ ಕೂತು ತೆಗೆದ ಹಲಗೆಯ ನಡುವೆ ಓರೆಯಾಗಿ ಒಂದು ಗೀರು, ಉಗುರು ಮುಳುಗುವಷ್ಟು ಆಳ. ಆ ಹಲಗೆ ಈಗಲೂ ಗೋಡೆಗೆ ಒರಗಿಸಿಟ್ಟಿದ್ದೇನೆ.

ನಲವತ್ತು ವರ್ಷ ಮೋಟರಿನ ಜತೆ ಕೆಲಸ ಮಾಡಿದವನಿಗೆ ಇದು ಸಹಿಸುವ ಮಾತಲ್ಲ. ಆಜ್ಞೆ ಕೊಡುವವನಿಗೆ ಅದು ನಡೆಯಿತೋ ಇಲ್ಲವೋ ತಿಳಿಯಬೇಕು. ಅದಕ್ಕೇ ಲಿನಕ್ಸ್‌ಸಿಎನ್‌ಸಿಗೆ ಬಂದೆ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿಯಲ್ಲಿ ಹುಟ್ಟಿದ ಇಎಂಸಿ ಎಂಬ ಕಂಟ್ರೋಲರಿನ ಮುಂದಿನ ರೂಪ ಇದು, ಇದೂ ಪುಕ್ಕಟೆಯೇ. ಇದರಲ್ಲಿ ಹಾಲ್ ಎಂಬ ಪದರವಿದೆ. ಪ್ಯಾನೆಲ್ ಬೋರ್ಡಿನಲ್ಲಿ ತಂತಿ ಎಳೆದ ಹಾಗೆ ಯಾವ ಸಿಗ್ನಲ್ಲನ್ನು ಯಾವುದಕ್ಕೆ ಬೇಕಾದರೂ ಅಲ್ಲಿ ಜೋಡಿಸಬಹುದು. ಡ್ರೈವರಿನ ಅಲಾರಂ ತುದಿಯನ್ನು ಎಮರ್ಜೆನ್ಸಿ ಸ್ಟಾಪಿಗೆ ಕೊಟ್ಟೆ, ಮೋಟರಿನ ಸಪ್ಲೈಯನ್ನು ಕಾಯುವ ರಿಲೇಯನ್ನೂ ಅಲ್ಲಿಗೇ ತಂದೆ. ಮೋಟರು ನಿಜಕ್ಕೂ ಎಷ್ಟು ತಿರುಗಿತು ಎಂದು ಅಳೆಯುವ ಎನ್‌ಕೋಡರ್ ಕಟ್ಟಿ ಅದರ ಓದನ್ನು ಒಳಗೆ ತಂದರೆ ಇನ್ನೂ ಒಳ್ಳೆಯದು. ಹೇಳಿದ ಜಾಗಕ್ಕೂ ಇರುವ ಜಾಗಕ್ಕೂ ವ್ಯತ್ಯಾಸ ಮಿತಿ ಮೀರಿದ ಕೂಡಲೇ ಯಂತ್ರ ತಾನೇ ನಿಲ್ಲುತ್ತದೆ.

ತಂತಿಯ ವಿಷಯ. ಮೊದಲು ಪ್ಯಾರಲಲ್ ಪೋರ್ಟಿನಲ್ಲೇ ಓಡಿಸಿದೆ. ನಮ್ಮ ಉಪ್ಪು ಗಾಳಿಗೆ ಕನೆಕ್ಟರಿನ 25 ಪಿನ್ನುಗಳೂ ಹಸಿರು ಹಿಡಿದವು, ಆ ಕಾಲ ಮುಗಿಯಿತು. ಈಗ ಈಥರ್ನೆಟ್ ಕೇಬಲ್ಲು, ಆ ತುದಿಯಲ್ಲಿ ಮೆಸಾ ಕಂಪನಿಯ ಕಂಟ್ರೋಲ್ ಕಾರ್ಡು. ಕಂಪ್ಯೂಟರು ಮಿಲಿಸೆಕೆಂಡಿಗೊಮ್ಮೆ ಕಾರ್ಡಿನ ಜತೆ ಮಾತಾಡುತ್ತದೆ, ಪಲ್ಸನ್ನು ಕಾರ್ಡಿನ ಎಫ್‌ಪಿಜಿಎ ಚಿಪ್ಪು ಹುಟ್ಟಿಸುತ್ತದೆ. ಮಾತು ನಿಂತುಹೋದರೆ ಕಾರ್ಡಿನ ಕಾವಲು ಟೈಮರು ಪಲ್ಸನ್ನು ಕಡಿಯುತ್ತದೆ. ಈಥರ್ನೆಟ್ ಸಾಕೆಟ್ಟಿನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುತ್ತವೆ, ಹಾಗಾಗಿ ಆ ಕೇಬಲ್ಲಿನ ಮೂಲಕ ಯಂತ್ರದ ನೆಲಕ್ಕೂ (ಸರ್ಕ್ಯೂಟಿನ ಗ್ರೌಂಡಿಗೂ) ಕಂಪ್ಯೂಟರಿನ ನೆಲಕ್ಕೂ ನೇರ ಸಂಬಂಧವೇ ಇಲ್ಲ. ಯುಎಸ್‌ಬಿಯಲ್ಲಿ ಎರಡರ ನೆಲವೂ ಒಂದೇ ತಂತಿ. ಅಡಿಕೆ ಯಂತ್ರದ ವಿದ್ಯುತ್ ಗದ್ದಲ ಒಳಗೆ ನುಗ್ಗಲು ಅದು ಸಾಕು. ತಮ್ಮ ಮಣಿ, ಜಾಲರಿ, ಅರ್ಥಿಂಗ್ ಹಾಕಿ ಕಷ್ಟಪಟ್ಟು ಗೆದ್ದದ್ದು ಇಲ್ಲಿ ಕೇಬಲ್ಲಿನ ಜತೆಗೇ ಬರುತ್ತದೆ. ಅರ್ಥಿಂಗ್ ಆದರೂ ಎಲ್ಲರಿಗೂ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಕಷ್ಟ ಇಲ್ಲ ಎಂದು ಹೇಳುವುದಿಲ್ಲ. ಸಿಕ್ಕಿದ ಕಂಪ್ಯೂಟರಿನಲ್ಲೆಲ್ಲ ಇದು ಓಡದು. ಮೊದಲು ಲೇಟೆನ್ಸಿ ಪರೀಕ್ಷೆ ಹಚ್ಚಿ ಕಂಪ್ಯೂಟರು ಎಷ್ಟು ತಡಬಡಿಸುತ್ತದೆ ಎಂದು ನೋಡಬೇಕು. ವಿದ್ಯುತ್ ಉಳಿಸಲು ಹೊರಟ ಲ್ಯಾಪ್‌ಟಾಪುಗಳು ಹೆಚ್ಚಾಗಿ ಇದರಲ್ಲಿ ಫೇಲು. ಕಾರ್ಡು ಅರ್ಡುಯಿನೊಗಿಂತ ಹಲವು ಪಟ್ಟು ದುಬಾರಿ. ಹಾಲ್ ಫೈಲು ಬರೆಯಲು ಕಲಿಯುವುದರಲ್ಲಿ ನನಗೆ ಒಂದು ಮಳೆಗಾಲ ಕಳೆಯಿತು. ಆದರೆ ಅದೇ ಕಿರೀಟದ ಫೈಲನ್ನು ಆಮೇಲೆ ಇದರಲ್ಲಿ ಹಾಕಿದೆ. ಯಂತ್ರ ಎಲ್ಲೂ ತಡವರಿಸಲಿಲ್ಲ. ಒಂದೊಂದು ಮಣಿಯೂ ಬೆರಳಿಗೆ ಬಿಡಿಬಿಡಿಯಾಗಿ ಸಿಕ್ಕಿತು.

ತಮ್ಮ ಊನೊ ಬಿಡುವುದಿಲ್ಲ ಅಂದರೆ ಬಿಡದಿರಲಿ. ಜೂನ್ ಬರುವುದರೊಳಗೆ ಒಂದು ಕೆಲಸ ಮಾಡಲಿ. ಜಿಆರ್‌ಬಿಎಲ್‌ನಲ್ಲಿ ಅಬಾರ್ಟ್ ಪಿನ್ ಇದೆ, ಅದು ನೆಲಕ್ಕೆ ತಗುಲಿದರೆ ಓಟ ನಿಲ್ಲುತ್ತದೆ. ಮೋಟರಿನ ಲೈನಿನ ಮೇಲೆ 230 ವೋಲ್ಟಿನ ಕಾಯಿಲ್ ಇರುವ ರಿಲೇ ಹಾಕಿ, ಕರೆಂಟು ಹೋದಾಗ ಕೂಡುವ ಕಾಂಟ್ಯಾಕ್ಟನ್ನು ಆ ಪಿನ್ನಿಗೂ ನೆಲಕ್ಕೂ ನಡುವೆ ಕೊಡಲಿ. ಕರೆಂಟು ಬಂದ ಮೇಲೆ ಹೋಮಿಂಗ್ ಮಾಡಿ, ಅಂದರೆ ಯಂತ್ರಕ್ಕೆ ಅದರ ಮೂಲ ಜಾಗವನ್ನು ತೋರಿಸಿ, ಮತ್ತೆ ಹೊರಟರಾಯಿತು. ಅಂಥ ರಿಲೇ ನನ್ನ ಹತ್ತಿರ ಎರಡು ಉಳಿದಿವೆ. ಕಾರವಾರಕ್ಕೆ ಬಂದಾಗ ಒಂದನ್ನು ಒಯ್ಯಲಿ.