ತಾಳಿ ಇನ್ನೊಮ್ಮೆ ಕಟ್ರಿ

ನಮ್ಮ ಅಕ್ಕನ ಮಗ ಹುಬ್ಬಳ್ಳ್ಯಾಗ ಮದವಿ ವಿಡಿಯೋ ತಗೀತಾನ. ತಾಳಿ ಕಟ್ಟೂ ಟೈಮಿಗೆ ಯಾವ್ದರ ಕಾಕಾ ಬಂದು ಕ್ಯಾಮರಾಕ್ಕ ಅಡ್ಡ ನಿಂತ್ರ ಇಂವ ಒಂಚೂರೂ ನಾಚ್ಕಿ ಇಲ್ದ "ಸರ್, ತಾಳಿ ಇನ್ನೊಮ್ಮೆ ಹಿಡೀರಿ, ಕಟ್ಟಿದಂಗ ಮಾಡ್ರಿ" ಅಂತಾನ, ಭಟ್ರು ಮತ್ತ ಮಾಂಗಲ್ಯಂ ತಂತುನಾನೇನ ಶುರು ಹಚ್ಕೋತಾರ, ಮಂದಿ ಕೆಳಗ ಬಿದ್ದ ಅಕ್ಕಿಕಾಳ ಆರ್ಸಿ ಮತ್ತ ಒಗೀತಾರ. ನಾ ಅವಂಗ ಇದಕ್ಕ ಭಾಳ ಬೈತಿದ್ದೆ. ಉತ್ತರ ಕೊರಿಯಾದ ಮಿಸೈಲ್ ವಿಡಿಯೋ ನೋಡಿದ ಮ್ಯಾಲೆ ಬಿಟ್ಟೇನಿ, ಹುಡುಗನ ಕಸಬು ದೇಶ ನಡಸೂ ಮಟ್ಟಕ್ಕ ಹೋಗೇತಿ.

2022ರ ಮಾರ್ಚ್ 24ಕ್ಕ ಅವ್ರು ಹ್ವಾಸಾಂಗ್-17 ಅನ್ನೂ ದೈತ್ಯ ಮಿಸೈಲ್ ಹಾರಿಸಿದ್ವಿ ಅಂತ ಒಂದು ವಿಡಿಯೋ ಬಿಟ್ರು. ಕಿಮ್ ಜಾಂಗ್ ಉನ್ ಸಾಹೇಬ್ರು ಲೆದರ್ ಜಾಕೆಟ್ಟು ಕರೀ ಚಾಳೀಸು ಹಾಕ್ಕೊಂಡು ಸ್ಲೋ ಮೋಷನ್ನಾಗ ಬರ್ತಾರ, ಆಜೂಬಾಜೂ ಇಬ್ರು ಮಿಲಿಟರಿ ಸಾಹೇಬ್ರು, ಗಡಿಯಾರ ನೋಡ್ತಾರ, ಅವ್ರಿಬ್ರೂ ನೋಡ್ತಾರ, ಆಮ್ಯಾಲೆ ಚಾಳೀಸ ತಗದು ಹೂಂ ಅಂತ ಗೋಣ ಹಾಕ್ತಾರ. ಯಪ್ಪಾ, ಪ್ರೀ-ವೆಡ್ಡಿಂಗ್ ಶೂಟಿನಾಗೂ ಇಷ್ಟು ಇರಂಗಿಲ್ಲ.

ನಮ್ಮ ಅಳಿಯಾ ವಿಡಿಯೋ ಅಲ್ಲೇ ನಿಲ್ಲಿಸಿ, "ಮಾಮಾ, ನೆಳ್ಳು ನೋಡು" ಅಂದ. ಹಾರಿದ್ದು ಮಧ್ಯಾಹ್ನದ ಮ್ಯಾಲೆ, ನೆಳ್ಳು ಮಾತ್ರ ಮುಂಜಾನಿದು! ಇಂವ ಹೇಳಿದ್ದನ್ನ ದಕ್ಷಿಣ ಕೊರಿಯಾದ ರಕ್ಷಣಾ ಇಲಾಖೆನೂ ಹೇಳಿತ್ತು, ಅವತ್ತು ಮೋಡ ಇತ್ತು ವಿಡಿಯೋದಾಗ ಆಕಾಶ ಸ್ವಚ್ಛ ಐತಿ, ನಿಜವಾಗ್ಲೂ ಹಾರಿದ್ದು 2017ರ ಹಳೇ ಮಾಡೆಲ್ ಹ್ವಾಸಾಂಗ್-15, ಅದಕ್ಕ ಹೊಸಾದರ ಹೆಸರಿಟ್ಟಾರ ಅಂತ. ಯಾಕಂದ್ರ ಅದಕಿಂತ ಎಂಟು ದಿನ ಮೊದ್ಲು, ಮಾರ್ಚ್ 16ಕ್ಕ ಹಾರಿಸಿದ್ದು ಏರಿದ ಸ್ವಲ್ಪ ಹೊತ್ತಿಗೇ ರಾಜಧಾನಿ ಮ್ಯಾಲೇ ಒಡದಿತ್ತು, ಊರ ಮಂದಿ ಕಣ್ಣಾರೆ ನೋಡ್ಯಾರ, ಲಗೂನ ಒಂದು ಛಲೋ ಸುದ್ದಿ ಬೇಕಾಗಿತ್ತು. ಮದವಿ ಮುರದ್ರ ನಮ್ಮಲ್ಲಿ ಬೀಗರು ಜಗಳಾ ಮಾಡ್ತಾರ, ಅಲ್ಲಿ ಎಡಿಟಿಂಗ್ ಮಾಡ್ತಾರ.

ಹಂಗಂತ ಏನೂ ಹಾರಿಲ್ಲ ಅನಬ್ಯಾಡ್ರಿ. ಮ್ಯಾಲೆ 6,200 ಕಿಲೋಮೀಟರ್ ಹೋಗಿ, ಮುಂದ ಬರೇ 1,090 ಕಿಲೋಮೀಟರ್ ದೂರ ಸಮುದ್ರದಾಗ ಬಿತ್ತು. ಧಾರವಾಡಕ್ಕ ಹೊಂಟಂವ ದಿಲ್ಲಿಗೆ ಹೋಗಿ ಬಂದಂಗ. ಜಪಾನ್ ತಲಿ ಮ್ಯಾಲೆ ಹಾರಿಸಿದ್ರ ಗದ್ಲ ಆಗತ್ತ ಅಂತ ನೆಟ್ಟಗ ಮ್ಯಾಲೆ ಬಿಡ್ತಾರ. ನಮ್ಮ ಅಜ್ಜ ಜೋಳದ ಹೊಲದಾಗ ಅಟ್ಟಾ ಏರಿ ಕವಣಿ ಬೀಸ್ತಿದ್ದ, ಬ್ಯಾಲಿಸ್ಟಿಕ್ ಮಿಸೈಲ್ ಅಂದ್ರ ಅದೇ ಕವಣಿ ಕಲ್ಲು, ಎಂಜಿನ್ ಸುರುವಿಗೆ ಕೆಲವು ನಿಮಿಷ ಉರೀತದ, ಉಳದದ್ದೆಲ್ಲಾ ಬೀಳೂದ. ಏರೂದು ಸರಳ ಅಲ್ಲ, ಆದ್ರ ಉರದು ಬೂದಿ ಆಗ್ದಂಗ ಇಳಿಯೂದು ಅದಕಿಂತ ಬಿಗಿ. ಉದ್ದಕ್ಕ ಒಗದು ಸಿಡಿತಲಿ, ಅಂದ್ರ ತುದಿಗಿರೂ ಬಾಂಬು, ಹಂಗ ನೆಟ್ಟಗ ಇಳೀತದ ಅಂತ ಅವ್ರು ಇನ್ನೂ ತೋರ್ಸಿಲ್ಲ. ತೋರ್ಸೂದೂ ಬ್ಯಾಡ, ಆ ಮಾತು ಬ್ಯಾರೆ.

ಈ ಕಸಬು ಇವತ್ತಿಂದಲ್ಲ. ಈಜಿಪ್ಟಿನಿಂದ ಬಂದ ರಷ್ಯಾದ ಸ್ಕಡ್ ಮಿಸೈಲ್ ಬಿಚ್ಚಿ ನೋಡಿ ತಮ್ಮದು ಮಾಡ್ಕೊಂಡು 1984ರಾಗ ಹಾರ್ಸಿ ನೋಡಿದ್ರು, ನಮ್ಮ ಗ್ಯಾರೇಜಿನ ಹುಡುಗ್ರು ಬೈಕ್ ಬಿಚ್ಚಿ ಕಲತಂಗ. 1998ರ ಆಗಸ್ಟ್ 31ಕ್ಕ ಸ್ಯಾಟಲೈಟ್ ಬಿಟ್ಟೇವಿ, ಅದು ಮ್ಯಾಲಿಂದ ನಮ್ಮ ನಾಯಕರ ಹಾಡು ಹಾಡಾಕತ್ತೇತಿ ಅಂದ್ರು. ಜಗತ್ತಿನ ಯಾವ ದೇಶಕ್ಕೂ ಆ ಹಾಡು ಕೇಳಿಸಲಿಲ್ಲ, ಸ್ಯಾಟಲೈಟೂ ಕಾಣಲಿಲ್ಲ. 2021ರ ಜೂನ್‌ನಾಗ ದೇಶದಾಗ ಊಟದ ಪರಿಸ್ಥಿತಿ ಬಿಗಿ ಐತಿ ಅಂತ ಕಿಮ್ ತಾನ ಸಭಾದಾಗ ಒಪ್ಕೊಂಡಿದ್ದ. ಮರುವರ್ಷ ನವೆಂಬರ್‌ನಾಗ ಮಗಳ ಕೈ ಹಿಡ್ಕೊಂಡು ಮಿಸೈಲ್ ತೋರ್ಸಾಕ ಬಂದ, ಜಾತ್ರಿಗೆ ಕರಕೊಂಡು ಬಂದಂಗ. ಮಿರ್ಚಿ-ಮಂಡಕ್ಕಿ ಒಂದು ಕಡಿಮಿ.

ಇಷ್ಟು ಮಾತಾಡೂದ್ರಾಗ ಅಳಿಯಾನ ಫೋನ್ ಬಂತು. ಯಾರೋ ಮದಮಗಳ ಅಪ್ಪ, ಅರಿಷಿಣ ಹಚ್ಚೂ ದಿನ ಮಳಿ ಬಂದು ವಿಡಿಯೋ ಕಪ್ಪಾಗೇತಂತ, ಸ್ವಲ್ಪ ಬಿಸಿಲು ಹಾಕಾಕ ಆಗತ್ತೇನ್ರಿ ಅಂತ.

"ಹಾಕ್ತೇನಲ್ರಿ ಕಾಕಾ," ಅಂದ ಇಂವ, ನನ್ನ ಮಾರಿ ನೋಡಿ, "ನೆಳ್ಳು ಯಾವ ಕಡೆ ಬೀಳಬೇಕು ಹೇಳ್ರಿ."