ಚೌಕ ಬರೆಯೋದು ಯಾರಿಗೂ ಕಷ್ಟವಲ್ಲ

ಬರೀ ಚೌಕ, ಗೆರೆ, ಬಣ್ಣದ ಪಟ್ಟಿಗಳಿರೋ ಚಿತ್ರದ ಫೋಟೋ ಯಾರಾದರೂ ಹಾಕಿದರೆ ಸಾಕು, "ಸ್ಕೇಲು, ಪೆನ್ಸಿಲು ಕೊಡಿ, ನಾನೂ ಬರೀತೀನಿ" ಅನ್ನೋ ಮಾತು ಕೆಳಗೆ ಬಂದೇ ಬರುತ್ತೆ. ಬರೀಬಹುದು. ಕಷ್ಟ ಅಂತ ಯಾರೂ ವಾದಿಸ್ತಿಲ್ಲ. ಜ್ಯಾಮಿತೀಯ ಅಮೂರ್ತ ಕಲೆಯಲ್ಲಿ ಆಕಾರ ಸಪ್ಪೆಯಾಗಿದ್ದಷ್ಟೂ ಒಳ್ಳೇದು ಅನ್ನೋದು ನನ್ನ ವಾದ. ಆಗ ಕಣ್ಣು ಅದರಲ್ಲೇ ಸಿಕ್ಕಿಕೊಳ್ಳದೆ ಬಣ್ಣದ ಕಡೆ, ಕೃತಿ ಮಾಡಿರೋ ಸಾಮಾನಿನ ಕಡೆ ಹೋಗುತ್ತೆ.

ಚಿತ್ರಕಾರ ಜೋಸೆಫ್ ಆಲ್ಬರ್ಸ್ 1950ರಲ್ಲಿ ಶುರುಮಾಡಿ 1976ರಲ್ಲಿ ತೀರಿಕೊಳ್ಳುವ ತನಕ ಚೌಕದೊಳಗೆ ಚೌಕ ಇಟ್ಟು ಸಾವಿರಕ್ಕೂ ಮಿಕ್ಕಿ ಚಿತ್ರ ಮಾಡಿದರು. ಮೇಸನೈಟ್ (ಮರದ ನಾರು ಒತ್ತಿ ಮಾಡಿದ) ಹಲಗೆ, ಟ್ಯೂಬಿನಿಂದ ನೇರ ಹಿಂಡಿದ ಬಣ್ಣ, ಸವರೋಕೆ ಚಾಕು. ಯಾವ ಕಂಪನಿಯ ಯಾವ ಬಣ್ಣ ಅನ್ನೋದನ್ನ ಹಲಗೆಯ ಹಿಂದೆ ಬರೆದಿಡುತ್ತಿದ್ದರು. ಅವರಪ್ಪ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದವರು. ಬಾಗಿಲಿಗೆ ಬಣ್ಣ ಹಚ್ಚುವಾಗ ನಡುವಿನಿಂದ ಹೊರಕ್ಕೆ ಬಂದರೆ ಅಂಗಿ ತೋಳು ಕೊಳೆಯಾಗಲ್ಲ ಅಂತ ಕಲಿಸಿದ್ದರಂತೆ. ಮಗ ಚೌಕಗಳನ್ನೂ ಹಾಗೇ ತುಂಬಿದರು. ಇಷ್ಟೆಲ್ಲ ಶಿಸ್ತು ಯಾಕೆ? ಮಿಕ್ಕಿದ್ದೆಲ್ಲ ಕದಲದೆ ನಿಂತರೆ ತಾನೇ ಬಣ್ಣ ಏನು ಮಾಡುತ್ತೆ ಅಂತ ಗೊತ್ತಾಗೋದು! ಅದೇ ಬೂದು ಬಣ್ಣ ಕಪ್ಪಿನ ಮೇಲೆ ತಿಳಿಯಾಗುತ್ತೆ, ಬಿಳಿಯ ಮೇಲೆ ಗಾಢವಾಗುತ್ತೆ. ಒಳಗಿನ ಚೌಕ ಒಂದು ಚಿತ್ರದಲ್ಲಿ ಎದುರಿಗೆ ನುಗ್ಗುತ್ತೆ, ಇನ್ನೊಂದರಲ್ಲಿ ಆಳಕ್ಕೆ ಸರಿಯುತ್ತೆ. ಹಲಗೆ ಮಾತ್ರ ಚಪ್ಪಟೆ.

ಡಚ್ ಚಿತ್ರಕಾರ ಮೊಂಡ್ರಿಯಾನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕೆಂಪು, ಹಳದಿ, ನೀಲಿ. ನನಗೆ ಅಂಟುಪಟ್ಟಿ. 1941ರ 'ನ್ಯೂಯಾರ್ಕ್ ಸಿಟಿ 1' ಪೂರಾ ಬಣ್ಣದ ಟೇಪಿನದು. ಟೇಪಾದರೆ ಕಿತ್ತು, ಸರಿಸಿ, ಮತ್ತೆ ಅಂಟಿಸಿ ನೋಡಬಹುದು. ಬಣ್ಣ ಒಣಗಿದ ಮೇಲೆ ಆ ಸ್ವಾತಂತ್ರ್ಯ ಎಲ್ಲಿ? ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಮ್ಯೂಸಿಯಂನಲ್ಲಿರುವ ಈ ಕೃತಿ ದಶಕಗಳಿಂದ ತಲೆಕೆಳಗಾಗಿ ನೇತಾಡ್ತಿದೆ ಅಂತ 2022ರಲ್ಲಿ ಅಲ್ಲಿ ಪ್ರದರ್ಶನ ನೋಡಿಕೊಳ್ಳೋ ಕ್ಯುರೇಟರೇ ಹೇಳಿದರು. ಕಲಾವಿದನ ಸ್ಟುಡಿಯೋದ ಹಳೇ ಫೋಟೋದಲ್ಲಿ ಪಟ್ಟಿಗಳು ಒತ್ತಾಗಿರೋ ಬದಿ ಮೇಲಿತ್ತು. ಸುದ್ದಿ ಓದಿದವರು ಹೊಟ್ಟೆ ತುಂಬ ನಕ್ಕರು. ಆದರೆ ಅದನ್ನ ತಿರುಗಿಸಿ ತೂಗುಹಾಕೋ ಹಾಗಿಲ್ಲ. ಹಳೇ ಅಂಟು, ಪಟ್ಟಿ ಕಳಚಿ ಬಿದ್ದರೆ? ಟೇಪು ಹೇಳಿದ್ದೇ ಕೊನೇ ಮಾತು!

ಹಾಗಂತ ಅಂಗಡಿ ಸಾಮಾನು ತಂದಿಟ್ಟ ಮಾತ್ರಕ್ಕೆ ಎಲ್ಲಕ್ಕೂ ಕೈಮುಗಿಯೋನಲ್ಲ ನಾನು. ಶಿಲ್ಪಿ ಕಾರ್ಲ್ ಆಂಡ್ರೆ 1966ರಲ್ಲಿ 120 ಇಟ್ಟಿಗೆ ಜೋಡಿಸಿಟ್ಟಿದ್ದು ನನಗೆ ಇವತ್ತಿಗೂ ಒಲಿದಿಲ್ಲ. ಇನ್ನೊಬ್ಬ ಶಿಲ್ಪಿ ಫ್ರೆಡ್ ಸ್ಯಾಂಡ್‌ಬ್ಯಾಕ್ ಬೇರೆ. ಆತ ನೆಲದಿಂದ ಸೂರಿಗೆ ಬಿಗಿದಿದ್ದು ಬರೀ ಅಕ್ರಿಲಿಕ್ ನೂಲು. ನಾಲ್ಕು ಎಳೆ ನೂಲಿನ ನಡುವಿನ ಗಾಳಿ ಗಾಜಿನ ಹಾಗೆ ಕಾಣುತ್ತೆ, ದಾಟೋಕೆ ಕಾಲು ಹಿಂಜರಿಯುತ್ತೆ. ಮೊಬೈಲಲ್ಲಿ ನೋಡಿದರೆ ಅದೇ ಕೃತಿ ನಾಲ್ಕು ಗೆರೆ, ಅಷ್ಟೇ. "ನಾನೂ ಬರೀತೀನಿ" ಅನ್ನೋರು ನೋಡೋದು ಈ ಗೆರೆಗಳನ್ನೇ. ಅವರನ್ನ ಪೂರ್ತಿ ದೂರೋಕೂ ಆಗಲ್ಲ ಬಿಡಿ; ಗ್ಯಾಲರಿಗಳವರು ಗೋಡೆ ಮೇಲೆ 'ಅನಂತ', 'ಮೌನ' ಅಂತ ಉದ್ದುದ್ದ ಬರೆದು, ಯಾವುದರಿಂದ ಮಾಡಿದ್ದು ಅನ್ನೋದನ್ನ ಇರುವೆ ಗಾತ್ರದ ಅಕ್ಷರದಲ್ಲಿ ಮುಗಿಸಿರ್ತಾರೆ.

ಕಲಾವಿದ ಡಾನ್ ಫ್ಲೇವಿನ್ 1963ರಿಂದ ತಮ್ಮ ಕೃತಿಗಳಿಗೆ ಬಳಸಿದ್ದು ಅಂಗಡಿಯಲ್ಲಿ ಸಿಗೋ ಟ್ಯೂಬ್‌ಲೈಟು. ಸಿದ್ಧ ಉದ್ದ, ಸಿದ್ಧ ಬಣ್ಣ. ಈಗ ಆ ಟ್ಯೂಬುಗಳ ಕಾಲವೇ ಮುಗೀತಾ ಬಂತು. ಎಲ್‌ಇಡಿ ಹಾಕಿದರೂ ಅದೇ ಕೃತಿ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಟ್ಯೂಬಿನೊಳಗಿನ ಪುಡಿ ಹೊಳೆದು ಗೋಡೆ ಮೇಲೆ ಹರಡೋ ಬಣ್ಣವೇ ಅಲ್ಲಿ ಕೃತಿ. ಸ್ಟಾಕು ಇರೋವರೆಗೆ ಹಚ್ಚಲಿ, ಮುಗಿದ ಮೇಲೆ ಆರಿಸಿಡಲಿ.