ಆಷಾಢದಲ್ಲಿ ಹೂವಿನ ಮಂಚ

ನಮ್ಮ ಮನೆಗಳಲ್ಲಿ ಹೂವು ಎಲ್ಲೆಲ್ಲಿ ಇರಬೇಕು ಅನ್ನೋದು ಯಾವತ್ತೋ ತೀರ್ಮಾನವಾಗಿದೆ. ಬೆಳಗ್ಗೆ ದೇವರ ಪಟಕ್ಕೆ, ಸಾಯಂಕಾಲ ಜಡೆಗೆ, ಹಬ್ಬದ ದಿನ ಹೊಸಿಲಿಗೆ, ಆಯುಧಪೂಜೆಗೆ ಸ್ಕೂಟರ್ ಹ್ಯಾಂಡಲ್‌ಗೆ. ಮಲಗುವ ಕೋಣೆಗೆ ಹೂವು ಹೋಗುವುದು ಪ್ರಸ್ತದ ದಿನ ಮಾತ್ರ. ಮಗ ಏಳನೇ ಕ್ಲಾಸಿಗೆ ಬಂದ ಮೇಲೆ ಮಂಚದ ಪಕ್ಕ ಹೂವಿಟ್ಟರೆ ಜನ ಕಾರಣ ಕೇಳುತ್ತಾರೆ.

ನನ್ನ ಕಾರಣ ತುಂಬಾ ಸರಳ. ಹನುಮಂತನಗರದ ನಮ್ಮ ಬಾಡಿಗೆ ಮನೆಯ ರೂಮು ನೋಡಿದರೆ ನಿದ್ದೆ ಬರುವ ಬದಲು ಬೇಜಾರು ಬರುತ್ತಿತ್ತು. ಪಿಸ್ತಾ ಬಣ್ಣದ ಡಿಸ್ಟೆಂಪರ್, ಒಂದು ಕಬ್ಬಿಣದ ಬೀರು, ಅದರ ಮೇಲೆ ಸೂಟ್‌ಕೇಸು, ಸೂಟ್‌ಕೇಸಿನ ಮೇಲೆ ಕಂಬಳಿ ಗಂಟು. ಲಾಲ್‌ಬಾಗಿನ ಗಾಜಿನ ಮನೆಗೆ ಜನವರಿ 26ಕ್ಕೊಂದು ಸಲ, ಆಗಸ್ಟ್ 15ಕ್ಕೊಂದು ಸಲ ಲೋಡುಗಟ್ಟಲೆ ಹೂವು ಬರುತ್ತೆ. ನಮ್ಮ ರೂಮಿಗೂ ಸ್ವಲ್ಪ ಬಂದರೆ ತಪ್ಪೇನು, ಅಲ್ವಾ?

ಯಜಮಾನರು 2,500 ರೂಪಾಯಿ ಮಂಜೂರು ಮಾಡಿದರು. ಗೋಡೆಗೆ ಮೊಳೆ ಹೊಡೆಯಬಾರದು ಅನ್ನೋ ಷರತ್ತು ಮಾತ್ರ ಓನರ್‌ದು. ಈ ಊರಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹೇಗೂ ಮುರಿದುಕೊಳ್ಳುತ್ತಾರೆ. ಆದರೂ ಮೊಳೆ ಹೊಡೆಯಬಾರದು.

ಮೊದಲು ಚಿಕ್ಕಪೇಟೆ. ಅಂಗಡಿಯವನು ಬೆಡ್‌ಶೀಟಿಗೆ 900 ಹೇಳಿದ, ನಾವು ಎದ್ದು ಹೊರಟೆವು, ಅವನು ಕೂಗಿ ಕರೆದ, 550ಕ್ಕೆ ಮುಗಿಯಿತು. ಎಲೆಕೋಸಿನಷ್ಟು ದಪ್ಪ ಕೆಂಪು ಗುಲಾಬಿಗಳು. "ಕಲರ್ ಗ್ಯಾರಂಟಿ ಅಕ್ಕ" ಅಂದ. ಹೊಸ ಬಟ್ಟೆಯನ್ನು ಉಪ್ಪು ನೀರಲ್ಲಿ ನೆನೆಸಿ ಬೇರೆಯಾಗಿ ಒಗೆಯಬೇಕು ಅನ್ನೋದು ಗೊತ್ತಿಲ್ಲದ ಯಜಮಾನರು ಅವತ್ತೇ ಸಿಕ್ಕಿದ್ದನ್ನೆಲ್ಲ ವಾಷಿಂಗ್ ಮಷಿನ್‌ಗೆ ತುಂಬಿದರು. ಮಗನ ಶನಿವಾರದ ಬಿಳಿ ಯೂನಿಫಾರ್ಮ್ ತಿಳಿ ಗುಲಾಬಿಯಾಗಿ ಹೊರಗೆ ಬಂತು. ಪಿ.ಟಿ. ಮೇಷ್ಟ್ರು ಅವನನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದರಂತೆ.

ಆಮೇಲೆ ಮಾಮೂಲ್‌ಪೇಟೆಯಿಂದ ಗೋಡೆಗೆ ಅಂಟಿಸುವ ಹೂಬಳ್ಳಿ ಸ್ಟಿಕ್ಕರ್, ಒಂದಿಷ್ಟು ಪ್ಲಾಸ್ಟಿಕ್ ಹೂವಿನ ಸರ ತಂದೆ. ಸ್ಟಿಕ್ಕರ್ ವಿಷಯದಲ್ಲಿ ಒಂದು ಮಾತು ಹೇಳಬೇಕು. ಗೋಡೆಗೆ ಎಮಲ್ಷನ್ ಬಳಿದಿದ್ದರೆ ಅದು ಚೆನ್ನಾಗಿ ಕೂರುತ್ತೆ. ಹಳೇ ಡಿಸ್ಟೆಂಪರ್ ಮೇಲೆ ಬೆರಳಾಡಿಸಿ ನೋಡಿ, ಸುಣ್ಣದಂಥ ಪುಡಿ ಮೆತ್ತಿಕೊಳ್ಳುತ್ತೆ. ಸ್ಟಿಕ್ಕರಿನ ಗೋಂದು ಹಿಡಿದುಕೊಳ್ಳುವುದು ಆ ಪುಡಿಯನ್ನೇ, ಗೋಡೆಯನ್ನಲ್ಲ. ಫ್ಯಾನ್ ಮೂರಕ್ಕೆ ಇಟ್ಟರೆ ಸಾಕು, ಬಳ್ಳಿಯ ತುದಿಯಿಂದ ಒಂದೊಂದೇ ಹೂವು ಕಳಚುತ್ತೆ.

ಮೊದಲನೆಯದು ಮಧ್ಯರಾತ್ರಿ ಯಜಮಾನರ ಹಣೆ ಮೇಲೆ ಬಿತ್ತು. "ಹಲ್ಲಿ!" ಎಂದು ಎದ್ದು ಕೂತರು. ಲೈಟ್ ಹಾಕಿ ಬಿದ್ದದ್ದೇನು ಅಂತ ನೋಡಬಹುದಿತ್ತು. ಅವರು ನೇರವಾಗಿ ಪಂಚಾಂಗ ಹುಡುಕಲು ಹೋದರು. ಹಣೆಗೆ ಬಿದ್ದರೆ ಏನು, ಹುಬ್ಬಿಗೆ ಬಿದ್ದರೆ ಏನು, ಬಲವೋ ಎಡವೋ ಎಂದು ಕನ್ನಡಕವಿಲ್ಲದೆ ಓದುತ್ತಾ ನಿಂತವರ ತಲೆಕೂದಲಲ್ಲಿ ನೀಲಿ ಹೂವೊಂದು ಸಿಕ್ಕಿಕೊಂಡಿತ್ತು. ಸ್ಟಿಕ್ಕರ್ ಬಿದ್ದರೆ ಫಲವೇನು ಅಂತ ಯಾವ ಪಂಚಾಂಗದಲ್ಲೂ ಇಲ್ಲ.

ಇನ್ನು ಗೋಡೆ ಸಹವಾಸ ಸಾಕು, ನಿಜವಾದ ಹೂವೇ ಇಡೋಣ ಅಂದುಕೊಂಡೆ. ಆಷಾಢ ಬೇರೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. 1928ರಲ್ಲಿ ಶುರುವಾದ ಕೆ.ಆರ್. ಮಾರ್ಕೆಟ್ಟಿನಲ್ಲಿ ಈ ತಿಂಗಳು ಹೂವು ಕೇಳುವವರು ಕಡಿಮೆ. ಇದೇ ಕನಕಾಂಬರ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಜಿ.ಗೆ ಸಾವಿರಗಳ ಲೆಕ್ಕದಲ್ಲಿ ಹೋಗುತ್ತೆ. "ಈಗ ತಗೊಳ್ಳಿ ಅಕ್ಕ, ಆಮೇಲೆ ಬಂದ್ರೆ ಮುಟ್ಟೋಕೂ ಆಗಲ್ಲ" ಎಂದು ಹೂವಿನವಳು ಮಲ್ಲಿಗೆಯನ್ನು ಮೊಳ ಹಾಕುವ ಗೋಜಿಗೇ ಹೋಗದೆ ಮಾರುಗಟ್ಟಲೆ ಎಳೆದು ಬಾಳೆ ಎಲೆಗೆ ಸುತ್ತಿದಳು. ಸುಗಂಧರಾಜದ ಕಡ್ಡಿ ಒಂದು ಕಟ್ಟು ಸುಮ್ನೆ ಕೊಟ್ಟಳು ಅಂದರೂ ನಡೆಯುತ್ತೆ.

ಮನೆಗೆ ಬಂದು ಸುಗಂಧರಾಜವನ್ನು ಹಿತ್ತಾಳೆ ಚೊಂಬಿಗೆ ಹಾಕಿ ಮಂಚದ ಪಕ್ಕ ಇಟ್ಟೆ. ಮಲ್ಲಿಗೆ ಕನ್ನಡಿಗೆ ಹೋಯಿತು. ಉಳಿದದ್ದು ಮಂಚದ ತಲೆಭಾಗಕ್ಕೆ. ಕೆಳಗೆ ಆ ಗುಲಾಬಿ ಬೆಡ್‌ಶೀಟ್. ಸುಗಂಧರಾಜದ ವಾಸನೆ ರಾತ್ರಿಯಾದಂತೆ ಜಾಸ್ತಿ ಆಗುತ್ತೆ. ಎಂಟು ಗಂಟೆಗೆ ಅದು ಮೆಟ್ಟಿಲು ಹತ್ತಿ ಓನರ್ ಆಂಟಿ ಮನೆ ತಲುಪಿತ್ತು. ನೀರಿನ ಬಿಲ್ಲಿನ ನೆಪದಲ್ಲಿ ಆಂಟಿ ಕೆಳಗೆ ಬಂದರು. ರೂಮಿನ ಬಾಗಿಲು ತೆರೆದೇ ಇತ್ತು.

"ಏನಮ್ಮ, ನಿಮ್ಮ ಮೈದುನಂಗೆ ಮದುವೆ ಆಯ್ತಾ? ಒಂದು ಮಾತು ಹೇಳಲೇ ಇಲ್ಲ!"

"ಅಯ್ಯೋ ಆಂಟಿ, ಆಷಾಢದಲ್ಲಿ ಯಾರು ಮದುವೆ ಆಗ್ತಾರೆ?"

ಆಂಟಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ದನಿ ಇಳಿಸಿ, "ಲವ್ ಮ್ಯಾರೇಜಾ?" ಅಂದರು.

ರೂಮು ಚೆನ್ನಾಗಿ ಕಾಣಲಿ ಅಂತ ಇಟ್ಟಿದ್ದೀನಿ ಅಂದರೆ ನಂಬುವುದು ಹೇಗೆ? ನಾನು ಹೇಳಿದಷ್ಟೂ ಮುಚ್ಚಿಡುತ್ತಿದ್ದೀನಿ ಅನ್ನೋದು ಅವರಿಗೆ ಖಾತ್ರಿಯಾಯಿತು. ಮಾರನೇ ದಿನ ಹಾಲಿನ ಬೂತಿನಲ್ಲಿ ಎದುರು ಮನೆಯವರು "ಊಟ ಯಾವತ್ತು ಹಾಕಿಸ್ತೀರಾ?" ಎಂದು ಕೇಳಿದರು. ಇಸ್ತ್ರಿ ಅಂಗಡಿಯವನು ಹುಡುಗಿ ಯಾವ ಊರು ಅಂದ. ಮಧ್ಯಾಹ್ನ ಎಲೆಕ್ಟ್ರಾನಿಕ್ ಸಿಟಿಯಿಂದ ಮೈದುನನ ಫೋನ್: "ಅತ್ತಿಗೆ, ನನಗೆ ಮದುವೆ ಆಯ್ತಂತೆ?"

ಸುದ್ದಿ ಅರಸೀಕೆರೆಗೆ ಹೇಗೆ ಹೋಯಿತೋ ಗೊತ್ತಿಲ್ಲ. ಅತ್ತೆ ಸಿಕ್ಕಿದ ರೈಲು ಹತ್ತಿ ಬಂದೇಬಿಟ್ಟರು. ಬ್ಯಾಗನ್ನೂ ಕೆಳಗಿಡದೆ ಸೊಸೆ ಎಲ್ಲಿ ಬಚ್ಚಿಟ್ಟುಕೊಂಡಿದ್ದಾಳೆ ಅಂತ ರೂಮಿಗೆ ನುಗ್ಗಿದರು. ಅಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಒಂದೇ ಒಂದು ಮೊಳೆಗೆ ನಮ್ಮ ಮದುವೆ ಫೋಟೋ ನೇತುಹಾಕಿದ್ದೆ. ಮಾಮೂಲ್‌ಪೇಟೆಯ ಪ್ಲಾಸ್ಟಿಕ್ ಹೂವಿನ ಸರ ಉಳಿದಿತ್ತಲ್ಲ, ಅದನ್ನು ಫ್ರೇಮಿನ ಎರಡೂ ಕಡೆ ಇಳಿಬಿಟ್ಟಿದ್ದೆ. ಕೆಳಗೆ ಮಿಣುಕು ಲೈಟು.

"ಅಯ್ಯಯ್ಯೋ! ಬಿಡ್ತು ಅನ್ನು! ಬದುಕಿರೋರ ಫೋಟೋಗೆ ಹಾರ ಹಾಕ್ತಾರೇನೇ!"

ಅಷ್ಟರಲ್ಲಿ ಬನಿಯನ್ ಹಾಕಿಕೊಂಡು ಯಜಮಾನರು ಬಾತ್‌ರೂಮಿಂದ ಬಂದರು. ಅತ್ತೆ ಅವರ ಕೈ, ಭುಜ ಎಲ್ಲ ಮುಟ್ಟಿ ನೋಡಿ, ಉಪ್ಪು ಮೆಣಸಿನಕಾಯಿ ತರಿಸಿ ದೃಷ್ಟಿ ತೆಗೆದರು. ನನಗೆ ತೆಗೆಯಲಿಲ್ಲ. ಫೋಟೋದಲ್ಲಿ ನಾನೂ ಇದ್ದೆ.

ಆ 2,500ರಲ್ಲಿ ಸರಿಯಾಗಿ ಆದದ್ದು ಪರದೆ ಒಂದೇ. ಅತ್ತೆ ಹಿಂದೆ ಯಾವಾಗಲೋ ಉಟ್ಟುಕೋ ಎಂದು ಕೊಟ್ಟಿದ್ದ ಹೂ ಹೂವಿನ ವಾಯಿಲ್ ಸೀರೆ. ಐದೂವರೆ ಮೀಟರಿನಲ್ಲಿ ಕಿಟಕಿಗೆ ಆರಾಮಾಗಿ ಮೂರು ತುಂಡು ಬರುತ್ತೆ. ಜಿಗ್‌ಜ್ಯಾಗ್ ಹಾಕುವ ಹುಡುಗಿ ಮೇಲ್ಗಡೆ ಮಡಚಿ ಹೊಲಿದುಕೊಟ್ಟಳು, ಸ್ಪ್ರಿಂಗ್ ವೈರ್ ತೂರಿಸಿದರೆ ಆಯಿತು. ಬೆಳಗಿನ ಬಿಸಿಲು ಅದರೊಳಗಿಂದ ಬಂದರೆ ಹಳೇ ಪಿಸ್ತಾ ಗೋಡೆಯೂ ನೋಡೋ ಹಾಗಿರುತ್ತೆ. ಅತ್ತೆಯ ಕಣ್ಣಿಗೆ ಬಿದ್ದೇ ಬಿತ್ತು. ಅಂಚು ಹಿಡಿದು ತಿರುಗಿಸಿ ನೋಡಿದರು.

"ಸೆರಗನ್ನ ಬೀರು ಹಿಂದೆ ಹಾಕಿದ್ದೀಯಲ್ಲ. ಚೆಂದದ ಹೂವೆಲ್ಲ ಇರೋದೇ ಸೆರಗಲ್ಲಿ."

ಅಷ್ಟು ಹೇಳಿ, ಓನರ್ ಆಂಟಿಗೆ ಸರಿಯಾಗಿ ನಾಲ್ಕು ಮಾತು ಕೇಳಿ ಬರ್ತೀನಿ ಎಂದು ಮೇಲೆ ಹೋದರು. ನಾವಿಬ್ಬರೂ ಕೆಳಗೆ ಕಿವಿಗೊಟ್ಟು ನಿಂತೆವು. ಜಗಳದ ಸದ್ದೇ ಇಲ್ಲ, ಕಾಫಿ ಲೋಟದ ಸದ್ದು ಬಂತು. ತುಂಬಾ ಹೊತ್ತಾದ ಮೇಲೆ ಅತ್ತೆ ಒಂದು ಜಾತಕ ಹಿಡಿದುಕೊಂಡು ಇಳಿದರು. ಆಂಟಿಯ ಅಣ್ಣನ ಮಗಳಂತೆ, ಎಂ.ಕಾಂ. ಅಂತೆ, ಬಸವನಗುಡಿಯಲ್ಲೇ ಕೆಲಸವಂತೆ.

"ಶ್ರಾವಣ ಹುಟ್ಟಲಿ, ನೋಡೋಣ. ಆ ಗುಲಾಬಿ ಬೆಡ್‌ಶೀಟು ಒಗೆದು ಎತ್ತಿಡು, ಬೇಕಾಗುತ್ತೆ" ಅಂದರು.

ಮೈದುನನಿಗೆ ಈ ವಿಷಯ ಯಾರೂ ಇನ್ನೂ ಹೇಳಿಲ್ಲ.